ಕಾಲಯಂತ್ರದ ವಿನೋದವೂ ಕೃಷ್ಣದೇವರಾಯನ ಆಸ್ಥಾನವೂ

ಕುಶಸ್ಥಲಿಯ ಅರಸನಾದ ರೈವತ ಕಕುದ್ಮಿಯ ಕಥೆಯು ಪುರಾಣ ಕೇಳಿಬಲ್ಲ ಮನೆಗಳಿಗೆ ಅಪರಿಚಿತವಾದುದಲ್ಲ. ಮಗಳಾದ ರೇವತಿಗೆ ತಕ್ಕ ವರನು ಯಾರೆಂದು ಕೇಳುವದಕ್ಕಾಗಿ ಅವನು ಅವಳನ್ನು ಸಂಗಡ ಕರೆದುಕೊಂಡು ಬ್ರಹ್ಮಲೋಕಕ್ಕೆ ಹೋದನು. ಅಲ್ಲಿ ಗಂಧರ್ವರ ಗಾನವು ನಡೆದಿತ್ತು. ಗಾನಕ್ಕೆ ಭಂಗ ಬಾರದಿರಲೆಂದು ಅರಸನು ಸ್ವಲ್ಪ ಹೊತ್ತು ಕಾದು ನಿಂತು, ಆಮೇಲೆ ತನ್ನ ಮನಸ್ಸಿನಲ್ಲಿದ್ದ ವರರ ವಿಷಯವನ್ನು ಅರಿಕೆಮಾಡಿಕೊಂಡನು. ಬ್ರಹ್ಮನು ನಕ್ಕುಬಿಟ್ಟನು. ಆ ಸ್ವಲ್ಪ ಹೊತ್ತಿನಲ್ಲಿಯೇ ಭೂಲೋಕದಲ್ಲಿ ಇಪ್ಪತ್ತೇಳು ಚತುರ್ಯುಗಗಳು ಕಳೆದು, ಆ ವರರಾಗಲಿ ಅವರ ಮಕ್ಕಳು ಮೊಮ್ಮಕ್ಕಳಾಗಲಿ ಅವರ ಗೋತ್ರದ ಹೆಸರಾಗಲಿ ಉಳಿದಿರಲಿಲ್ಲ. ತಿರುಗಿ ಬಂದ ತಂದೆ-ಮಗಳ ಕಣ್ಣಿಗೆ ಬಿದ್ದವರು ಕುಳ್ಳಾದ ಜನರು. ಕೊನೆಗೆ ಬಲರಾಮನು ನೇಗಿಲಿನ ತುದಿಯಿಂದ ರೇವತಿಯ ಎತ್ತರವನ್ನು ತಗ್ಗಿಸಿ ಅವಳ ಕೈಹಿಡಿದನೆಂದು ವಿಷ್ಣುಪುರಾಣವು ಹೇಳುತ್ತದೆ. ಕಾಲವನ್ನು ದಾಟಿದವನ ಕಥೆಯಲ್ಲಿ ಭಯಕ್ಕಿಂತ ಮೊದಲು ನಗೆಯು ಹುಟ್ಟಿತೆಂಬ ಈ ಸಂಗತಿಯು ಲಕ್ಷ್ಯದಲ್ಲಿಡತಕ್ಕದ್ದು. ಇಪ್ಪತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ತರುಣರ ಮನಸ್ಸನ್ನು ಸೆರೆಹಿಡಿದು ಇಂದಿಗೂ ಬಿಡದಿರುವ ಎರಡು ಚಿತ್ರಪಟಗಳು ಇದೇ ನಗೆಯ ಬೆಳೆಗಳು. ಒಂದು ಅಮೇರಿಕೆಯದು, ಇನ್ನೊಂದು ತೆಲುಗಿನದಾದರೂ ಅದರ ಕಥೆಯು ಬಂದಿಳಿಯುವದು ತುಂಗಭದ್ರೆಯ ದಂಡೆಯ ಮೇಲೆ.

ಕಾಲದಲ್ಲಿ ಸಂಚರಿಸುವ ಯಂತ್ರವೆಂಬ ಕಲ್ಪನೆಯನ್ನು ಲೋಕಪ್ರಸಿದ್ಧಗೊಳಿಸಿದವನು ಎಚ್. ಜಿ. ವೆಲ್ಸ್ ಎಂಬ ಆಂಗ್ಲ ಕಾದಂಬರಿಕಾರನು. 1895ರಲ್ಲಿ ಪ್ರಕಟವಾದ ಅವನ 'ದಿ ಟೈಮ್ ಮಶೀನ್' ಎಂಬ ಪುಸ್ತಕದಲ್ಲಿ ಪ್ರವಾಸಿಯು 8,02,701ನೆಯ ಇಸವಿಗೆ ಹೋಗಿ, ಮನುಷ್ಯಕುಲವು ಎರಡಾಗಿ ಒಡೆದು ಒಂದು ಇನ್ನೊಂದನ್ನು ತಿಂದು ಬದುಕುವದನ್ನು ಕಾಣುತ್ತಾನೆ. ಅಲ್ಲಿ ನಗೆಗೆ ಎಡೆಯೇ ಇಲ್ಲ. ಪುರಾಣದಲ್ಲಿ ದೈವದ ಅನುಗ್ರಹದಿಂದ ಆದದ್ದು ವೆಲ್ಸನಲ್ಲಿ ಮನುಷ್ಯನ ಕೈಯೊಳಗಿನ ಸನ್ನೆಗೋಲಿನಿಂದ ಆಯಿತು, ಇದೇ ಅವನ ದೊಡ್ಡ ಶೋಧ. ಆದರೆ ಯಂತ್ರವನ್ನೇರಿದವನು ಹಿಂದಕ್ಕೆ ಹೋಗಿ ತನ್ನವರನ್ನೇ ಭೆಟ್ಟಿಯಾದರೆ ಏನಾಗುವದು? ಈ ಪ್ರಶ್ನೆಯನ್ನು ವೆಲ್ಸನು ಕೇಳಲಿಲ್ಲ. ತೊಂಬತ್ತು ವರ್ಷಗಳ ತರುವಾಯ ಅದನ್ನು ತರುಣರೆದುರು ನಗೆಯ ರೂಪದಲ್ಲಿ ಇಟ್ಟದ್ದು 1985ರ ಜುಲೈ 3ರಂದು ತೆರೆಕಂಡ 'ಬ್ಯಾಕ್ ಟು ದಿ ಫ್ಯೂಚರ್' ಎಂಬ ಚಿತ್ರಪಟವು.

ಇದರ ಹುಟ್ಟು ಬಹು ಸಾದಾ. ಬಾಬ್ ಗೇಲ್ ಎಂಬ ಲೇಖಕನು 1980ರಲ್ಲಿ ತಂದೆತಾಯಿಗಳ ಮನೆಗೆ ಹೋದಾಗ ನೆಲಮಾಳಿಗೆಯಲ್ಲಿ ತನ್ನ ತಂದೆಯ ಹಳೆಯ ಶಾಲಾಪುಸ್ತಕವು ಸಿಕ್ಕಿತು. ಅದರಲ್ಲಿ ಆಯಾ ವರ್ಷದ ವಿದ್ಯಾರ್ಥಿಗಳ ಭಾವಚಿತ್ರಗಳಿದ್ದವು. ತಂದೆಯು ತನ್ನ ವರ್ಗದ ಅಧ್ಯಕ್ಷನಾಗಿದ್ದನೆಂಬದು ಮಗನಿಗೆ ಅಂದೇ ತಿಳಿಯಿತು. ಆಗ ಅವನ ಮನಸ್ಸಿನಲ್ಲಿ ಒಂದು ವಿಚಾರ ಹೊಳೆಯಿತು: ತಾನೂ ಅದೇ ಶಾಲೆಯಲ್ಲಿ ಅದೇ ಕಾಲಕ್ಕೆ ಇದ್ದಿದ್ದರೆ, ಈ ಹುಡುಗನ ಸಂಗಡ ತನಗೆ ಗೆಳೆತನವಾಗುತ್ತಿತ್ತೆ? ಈ ಒಂದು ವಿಚಾರವನ್ನೇ ಅವನೂ ದಿಗ್ದರ್ಶಕನಾದ ರಾಬರ್ಟ್ ಜೆಮೆಕಿಸನೂ ಕೂಡಿ ಕಥೆಯಾಗಿ ಬೆಳೆಯಿಸಿದರು. ನಾಲ್ವತ್ತಕ್ಕೂ ಹೆಚ್ಚು ಸಲ ಆ ಕಥೆಯು ತಿರಸ್ಕೃತವಾಯಿತು. ತರುಣರ ಚಿತ್ರಪಟವೆಂದರೆ ಹಸಿಹಸಿಯಾದ ಚೇಷ್ಟೆ ಇರಲೇಬೇಕೆಂದು ಅಲ್ಲಿಯ ಕಂಪನಿಗಳು ಆಗ ಎಣಿಸಿದ್ದವು. ಇದರಲ್ಲಿ ಅದು ಸಾಲದೆಂದು ಕೆಲವರು ಒಲ್ಲೆನೆಂದರು. ಚಿಕ್ಕಮಕ್ಕಳ ಚಿತ್ರಗಳಿಗೆ ಹೆಸರಾದ ಡಿಸ್ನಿ ಕಂಪನಿಯವರು ಇದಕ್ಕೆ ವಿರುದ್ಧವಾದ ಕಾರಣದಿಂದ, ಎಂದರೆ ತಾಯಿಯು ಗುರುತರಿಯದೆ ಮಗನ ಮೇಲೆಯೇ ಮನಸ್ಸಿಡುವ ಪ್ರಸಂಗವು ಅಸಭ್ಯವೆಂದು ಕೈಬಿಟ್ಟರು. ಮೊದಲಿನ ಬರವಣಿಗೆಯಲ್ಲಿ ಕಾಲಯಂತ್ರವು ಒಂದು ತಂಪುಪೆಟ್ಟಿಗೆಯಾಗಿತ್ತಂತೆ. ಮಕ್ಕಳು ಅದನ್ನು ನೋಡಿ ಮನೆಯ ತಂಪುಪೆಟ್ಟಿಗೆಯೊಳಗೆ ಹೊಕ್ಕು ಕದ ಹಾಕಿಕೊಂಡಾರೆಂಬ ಭಯದಿಂದ ಅದು ಮೋಟಾರು ಗಾಡಿಯಾಯಿತು. ಗಂಟೆಗೆ 88 ಮೈಲು ವೇಗ ಬಂದೊಡನೆ ಅದು ಕಾಲವನ್ನು ದಾಟುತ್ತದೆ.

ಕಥೆಯನ್ನು ಬಲ್ಲವರು ಬಹಳ ಜನರಿರುವದರಿಂದ ವಿಸ್ತರಿಸುವ ಕಾರಣವಿಲ್ಲ. ಮಾರ್ಟಿ ಎಂಬ ಹದಿನೇಳರ ಹುಡುಗನು ಅರೆಹುಚ್ಚನಂತೆ ಕಾಣುವ ಮುದಿ ಶಾಸ್ತ್ರಜ್ಞನ ಗಾಡಿಯಲ್ಲಿ 1985ರಿಂದ 1955ಕ್ಕೆ ಹೋಗಿಬೀಳುತ್ತಾನೆ. ತನ್ನ ತಂದೆತಾಯಿಗಳು ಒಬ್ಬರನ್ನೊಬ್ಬರು ಮೆಚ್ಚುವ ಗಳಿಗೆಗೆ ಅರಿಯದೆ ಅಡ್ಡಬರುತ್ತಾನೆ. ಅವರ ಮದುವೆಯಾಗದಿದ್ದರೆ ತಾನು ಹುಟ್ಟುವಂತಿಲ್ಲ; ಅವನ ಕಿಸೆಯೊಳಗಿನ ಭಾವಚಿತ್ರದಲ್ಲಿ ಅಣ್ಣ ಅಕ್ಕಂದಿರ ರೂಪಗಳು ಒಂದೊಂದಾಗಿ ಅಳಿಸಿಹೋಗತೊಡಗುತ್ತವೆ. ಆದುದರಿಂದ ಮಗನೇ ತಂದೆಗೆ ಹೆಣ್ಣನ್ನು ಮಾತನಾಡಿಸುವ ಧೈರ್ಯ ಕಲಿಸಬೇಕಾಗುತ್ತದೆ. ಇಲ್ಲಿಯ ನಗೆಯೆಲ್ಲವೂ ಈ ಬುಡಮೇಲಿನಿಂದ ಹುಟ್ಟುತ್ತದೆ. ಹರೆಯದ ಮಕ್ಕಳು ಹಿರಿಯರನ್ನು ಕುರಿತು ಮನಸ್ಸಿನಲ್ಲಿ ಏನೆಂದುಕೊಳ್ಳುತ್ತಾರೆ? ಇವರು ಹುಟ್ಟುತ್ತಲೇ ಹಿರಿಯರಾಗಿದ್ದರು, ಇವರಿಗೆ ಅಂಜಿಕೆಯಾಗಲಿ ಆಸೆಯಾಗಲಿ ಎಂದೂ ಇರಲಿಲ್ಲ ಎಂದೇ. ಆ ಭ್ರಮೆಯನ್ನು ಈ ಚಿತ್ರಪಟವು ಬೈದು ಬಿಡಿಸುವದಿಲ್ಲ, ನಗಿಸಿ ಬಿಡಿಸುತ್ತದೆ.

ಒಂದು ಸಣ್ಣ ವಿನೋದವನ್ನು ಇಲ್ಲಿ ಹೇಳದೆ ಮುಂದೆ ಹೋಗಲಾಗದು. 1955ರ ಶಾಸ್ತ್ರಜ್ಞನು 1985ರಲ್ಲಿ ಅಮೇರಿಕೆಯ ಅಧ್ಯಕ್ಷನಾರೆಂದು ಕೇಳುತ್ತಾನೆ. ರೊನಾಲ್ಡ್ ರೇಗನ್ ಎಂದು ಹುಡುಗನು ಹೇಳಿದೊಡನೆ, ಸಿನೇಮಾದ ನಟನು ದೇಶವಾಳುವನೆ ಎಂದು ಮುದುಕನು ಅಪಹಾಸ್ಯಮಾಡುತ್ತಾನೆ. ರೇಗನ್ ಸ್ವತಃ ಇದನ್ನು ಮೆಚ್ಚಿ, 1986ರಲ್ಲಿ ಶಾಸನಸಭೆಯೆದುರು ಮಾಡಿದ ವಾರ್ಷಿಕ ಭಾಷಣದಲ್ಲಿ ಈ ಚಿತ್ರದ ಮಾತನ್ನು ಬಳಸಿಕೊಂಡನು. ದಕ್ಷಿಣ ಹಿಂದುಸ್ಥಾನದ ಪ್ರೇಕ್ಷಕರಿಗೆ ಮಾತ್ರ ಆ ಮುದುಕನ ಆಶ್ಚರ್ಯವೇ ಆಶ್ಚರ್ಯವಾಗಿ ತೋರಿರಬೇಕು. ಕೃಷ್ಣನಾಗಿಯೂ ರಾಮನಾಗಿಯೂ ತೆರೆಯ ಮೇಲೆ ಮೆರೆದ ಎನ್. ಟಿ. ರಾಮರಾಯರು 1983ರಲ್ಲಿಯೇ ಆಂಧ್ರಪ್ರದೇಶದ ಮುಖ್ಯಮಂತ್ರಿಗಳಾಗಿದ್ದರು.

ಆ ವರ್ಷ ಅಮೇರಿಕೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಹಣ ತಂದ ಚಿತ್ರವು ಇದೇ. 2007ರಲ್ಲಿ ಅದು ಆ ದೇಶವು ಕಾಪಿಡತಕ್ಕ ಚಿತ್ರಗಳ ಸಾಲಿಗೆ ಸೇರಿತು. 1989ರ ಎರಡನೆಯ ಭಾಗದಲ್ಲಿ ಕಥಾನಾಯಕನು 2015ರ ಅಕ್ಟೋಬರ 21ಕ್ಕೆ ಹೋಗುತ್ತಾನೆ; ನಿಜವಾದ ಆ ದಿನವು ಬಂದಾಗ ಲೋಕದ ಹಲವು ಕಡೆಗೆ ಅಭಿಮಾನಿಗಳು ಅದನ್ನು ಹಬ್ಬದಂತೆ ಆಚರಿಸಿದರು. ಚಿತ್ರದಲ್ಲಿ ಹಾರುತ್ತಿದ್ದ ಗಾಡಿಗಳು ನಿಜದ 2015ರಲ್ಲಿ ಬೀದಿಗೆ ಬಂದಿರಲಿಲ್ಲ. ಕಾಲಯಂತ್ರವಾಗಿ ಮೆರೆದ ಆ ಮೋಟಾರು ಗಾಡಿಯನ್ನು ಮಾಡುತ್ತಿದ್ದ ಕಾರಖಾನೆಯು ಚಿತ್ರವು ಬರುವದಕ್ಕಿಂತ ಮುಂಚೆಯೇ ಮುಚ್ಚಿಹೋಗಿತ್ತು. ಯಂತ್ರವು ಹಳತಾಯಿತು, ಭವಿಷ್ಯವು ಸುಳ್ಳಾಯಿತು; ಅಂಜುಬುರುಕನಾದ ತರುಣ ತಂದೆಯು ಮಾತ್ರ ಹಳತಾಗಲಿಲ್ಲ.

ಈ ಬಗೆಯ ಕಥೆಯು ದಕ್ಷಿಣಕ್ಕೆ ಬಂದ ರೀತಿಯು ಕನ್ನಡಿಗರಿಗೆ ವಿಶೇಷವಾಗಿ ವಿಚಾರಾರ್ಹವಾದುದು. 1991ರ ಜುಲೈ 18ರಂದು 'ಆದಿತ್ಯ 369' ಎಂಬ ತೆಲುಗು ಚಿತ್ರವು ತೆರೆಕಂಡಿತು. ಅದರ ದಿಗ್ದರ್ಶಕರಾದ ಸಿಂಗೀತಂ ಶ್ರೀನಿವಾಸರಾಯರು ಕನ್ನಡಕ್ಕೆ ಹೊರಗಿನವರಲ್ಲ. 1970ರ 'ಸಂಸ್ಕಾರ' ಚಿತ್ರದ ಕಾರ್ಯದಲ್ಲಿ ಅವರು ಸಹಭಾಗಿಗಳಾಗಿದ್ದರು. ರಾಜಕುಮಾರರ 'ಹಾಲು ಜೇನು', 'ಚಲಿಸುವ ಮೋಡಗಳು', 'ಶ್ರಾವಣ ಬಂತು' ಮೊದಲಾದವುಗಳನ್ನು ದಿಗ್ದರ್ಶಿಸಿದವರು ಅವರೇ. 1986ರ 'ಆನಂದ್'ದಿಂದ ಶಿವರಾಜಕುಮಾರರನ್ನು ನಾಯಕರಾಗಿ ಮುಂದೆ ತಂದವರೂ ಅವರೇ. 1987ರಲ್ಲಿ ಶೃಂಗಾರ ನಾಗರಾಜರು ನಿರ್ಮಿಸಿದ, ಬೆಂಗಳೂರಿನಲ್ಲಿ ಚಿತ್ರಿತವಾದ 'ಪುಷ್ಪಕ ವಿಮಾನ'ದಲ್ಲಿ ಒಂದು ಮಾತನ್ನೂ ಆಡಿಸದೆ ಊರೂರುಗಳನ್ನು ನಗಿಸಿದವರೂ ಅವರೇ. ತಾರುಣ್ಯದಲ್ಲಿ ಅವರು ಕೆ. ವಿ. ರೆಡ್ಡಿಯವರ ಕೈಕೆಳಗೆ ಕಲಿತವರು. 1957ರ 'ಮಾಯಾಬಜಾರ'ವು ಆ ರೆಡ್ಡಿಯವರದು. ಅದರಲ್ಲಿ ತೆರೆದು ನೋಡಿದವರಿಗೆ ಅವರವರ ಪ್ರಿಯವಾದುದನ್ನು ತೋರಿಸುವ ಒಂದು ಪೆಟ್ಟಿಗೆಯುಂಟು. ದೂರದರ್ಶನದ ಪೆಟ್ಟಿಗೆಯನ್ನು ಕಾಣದಿದ್ದ ಹಳ್ಳಿಗರೂ ಅದನ್ನು ನೋಡಿ ಬೆರಗಾಗಿ ನಕ್ಕರು. ಬೆರಗನ್ನೂ ನಗೆಯನ್ನೂ ಒಂದೇ ಬೋಗುಣಿಯಲ್ಲಿ ಕಲಸುವ ವಿದ್ಯೆಯು ಸಿಂಗೀತಂ ಅವರಿಗೆ ಆ ಮನೆಯಿಂದ ಬಂದದ್ದೆನ್ನಬೇಕು.

ವೆಲ್ಸನ ಕಾದಂಬರಿಯನ್ನು ವಿದ್ಯಾರ್ಥಿದೆಸೆಯಲ್ಲಿ ಓದಿ ಮನಸ್ಸಿನಲ್ಲಿಟ್ಟುಕೊಂಡಿದ್ದ ಅವರು, ಒಮ್ಮೆ ವಿಮಾನ ಪ್ರಯಾಣದಲ್ಲಿ ಗಾಯಕರಾದ ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ ಈ ಕಥೆಯನ್ನು ಹೇಳಿದರು. ಬಾಲಸುಬ್ರಹ್ಮಣ್ಯಂ ಅವರ ಉತ್ಸಾಹದಿಂದ ಅದಕ್ಕೆ ನಿರ್ಮಾಪಕರು ದೊರೆತರು. ಇಳಯರಾಜಾ ಅವರ ಸಂಗೀತ, ಪಿ. ಸಿ. ಶ್ರೀರಾಮ್, ವಿ. ಎಸ್. ಆರ್. ಸ್ವಾಮಿ, ಕಬೀರಲಾಲ್ ಎಂಬ ಮೂವರು ಛಾಯಾಗ್ರಾಹಕರು. ಕೃಷ್ಣದೇವರಾಯನ ಕಾಲದ ವಜ್ರವೊಂದು ವಸ್ತುಸಂಗ್ರಹಾಲಯದಿಂದ ಕಳುವಾಗುವದನ್ನು ಒಬ್ಬ ಚಿಕ್ಕ ಹುಡುಗನು ಕಾಣುವಲ್ಲಿಂದ ಕಥೆಗೆ ಓಟ ಹತ್ತುತ್ತದೆ. ಶಾಸ್ತ್ರಜ್ಞನು ಮನೆಯಲ್ಲಿ ಕಟ್ಟಿದ ಕಾಲಯಂತ್ರದೊಳಗೆ ಕೃಷ್ಣಕುಮಾರನೆಂಬ ತರುಣನೂ ಶಾಸ್ತ್ರಜ್ಞನ ಮಗಳಾದ ಹೇಮೆಯೂ ಸಿಕ್ಕಿ, ಎಣಿಸದೆ 1526ರ ವಿಜಯನಗರಕ್ಕೆ ಹೋಗಿ ಇಳಿಯುತ್ತಾರೆ, ಅಲ್ಲಿಂದ 2504ಕ್ಕೆ. ಈ ಮುಂಗಾಲದ ಭಾಗದಲ್ಲಿ ಹೊಳೆಯುವ ಗೋಡೆಗಳೂ ದೀಪಗಳೂ ಬಹಳ, ಹುರುಳು ಸ್ವಲ್ಪ. ಚಿತ್ರದ ಜೀವಾಳವೆಲ್ಲವೂ 1526ರಲ್ಲಿದೆ.

ಅಲ್ಲಿ ತರುಣನಾದ ಕೃಷ್ಣಕುಮಾರನೂ ಸಿಂಹಾಸನದ ಕೃಷ್ಣದೇವರಾಯನೂ ಒಬ್ಬನೇ ನಟನು, ನಂದಮೂರಿ ಬಾಲಕೃಷ್ಣ. ಇವನ ತಂದೆಯಾದ ರಾಮರಾಯರು 1956ರ 'ತೆನಾಲಿ ರಾಮಕೃಷ್ಣ'ದಲ್ಲಿಯೂ 1962ರ 'ಮಹಾಮಂತ್ರಿ ತಿಮ್ಮರುಸು'ವಿನಲ್ಲಿಯೂ ಇದೇ ಅರಸನ ವೇಷವನ್ನು ಧರಿಸಿದ್ದರು. ಅಮೇರಿಕೆಯ ಚಿತ್ರದಲ್ಲಿ ಮಗನು ತಂದೆಯ ತಾರುಣ್ಯವನ್ನು ನೋಡಲು ಹೋದನು. ಇಲ್ಲಿ ಮಗನು ತಂದೆಯ ಕಿರೀಟವನ್ನೇ ತೊಟ್ಟು ತನ್ನೆದುರಿಗೆ ತಾನು ನಿಂತನು. ತೆಲುಗು ಪ್ರೇಕ್ಷಕರು ಚಪ್ಪಾಳೆ ಹೊಡೆದದ್ದು ಯಂತ್ರದ ಚಮತ್ಕಾರಕ್ಕೆ ಮಾತ್ರವೆಂದು ತಿಳಿದವರು ಈ ಒಳಸಂಬಂಧವನ್ನು ಕಂಡಿಲ್ಲ. ತೆನಾಲಿಯ ಕವಿಯಾಗಿ ಚಂದ್ರಮೋಹನನು ಬರುತ್ತಾನೆ; ಆ ವಿದೂಷಕ ಕವಿಯ ಹೆಸರೇ ಆಸ್ಥಾನವನ್ನು ನಗೆಯ ಮನೆಯನ್ನಾಗಿ ಮಾಡುವದಕ್ಕೆ ಸಾಕು.

ಆ ಇಸವಿಯನ್ನು ಮಾತ್ರ ಇತಿಹಾಸವನ್ನು ಬಲ್ಲವರು ನೋಡಿದೊಡನೆ ತಡೆದು ನಿಲ್ಲಬೇಕಾಗುತ್ತದೆ. ಕೃಷ್ಣದೇವರಾಯನು ಆಳಿದ್ದು 1509ರಿಂದ 1529ರ ವರೆಗೆ. ಅವನ ರಾಜಧಾನಿಯನ್ನು ಕಣ್ಣಾರೆ ಕಂಡು ಬರೆದಿಟ್ಟ ಪೋರ್ತುಗೀಜರು ಇಬ್ಬರು: 1520ರ ಸುಮಾರಿಗೆ ಬಂದ ಡೊಮಿಂಗೋ ಪಾಯೆಸ್, ಅವನಾದ ಮೇಲೆ 1535ರ ಸುಮಾರಿಗೆ ಬರೆದ ಕುದುರೆ ವ್ಯಾಪಾರಿ ಫೆರ್ನಾವೊ ನೂನಿಜ್. ಇವರ ಬರಹಗಳು ಮೂರೂವರೆ ಶತಮಾನ ಕತ್ತಲೆಯಲ್ಲಿದ್ದು, 1897ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚಾಗಿ, 1900ರಲ್ಲಿ ರಾಬರ್ಟ್ ಸೆವೆಲ್ಲನ ಪುಸ್ತಕದ ಮೂಲಕ ಇಂಗ್ಲೀಷಿಗೆ ಬಂದವು. ವೆಲ್ಸನ ಯಂತ್ರವು ಹುಟ್ಟಿದ ಐದೇ ವರ್ಷಕ್ಕೆ ವಿಜಯನಗರಕ್ಕೆ ಹೋಗಿಬರುವ ನಿಜವಾದ ಯಂತ್ರವು ಹೀಗೆ ಕೈಸೇರಿತು.

ಪಾಯೆಸನು ಕಂಡ ಅರಸನು ಚಿತ್ರಪಟದ ಅರಸನಂತೆ ಇರಲಿಲ್ಲ. ಎತ್ತರವು ನಡುತರದ್ದು, ಮೈಬಣ್ಣವು ಚೆಲುವಾದದ್ದು, ಮೈ ತುಸು ತುಂಬಿದ್ದು, ಮುಖದ ಮೇಲೆ ಸಿಡುಬಿನ ಕಲೆಗಳು. ಬೆಳಗಾಗುವ ಮುನ್ನವೇ ಎಳ್ಳೆಣ್ಣೆಯನ್ನು ಕುಡಿದು, ಮೈಗೆ ಅದನ್ನೇ ತೀಡಿಕೊಂಡು, ಬೆವರಾಗಿ ಎಣ್ಣೆಯೆಲ್ಲ ಇಳಿಯುವ ತನಕ ಸಾಮುಮಾಡಿ, ಕುಸ್ತಿ ಹಿಡಿದು, ಕುದುರೆಯೇರುವ ಗಟ್ಟಿಗನು ಅವನು. ಊರನ್ನು ಪಾಯೆಸನು ರೋಮಿಗೆ ಹೋಲಿಸಿದನು. ನಿಶ್ಚಿತ ತೂಕಕ್ಕೆ ಮೀರಿದ ವಜ್ರವು ಗಣಿಯಲ್ಲಿ ಸಿಕ್ಕರೆ ಅದು ಅರಸನ ಬೊಕ್ಕಸಕ್ಕೆ ಸೇರತಕ್ಕದ್ದೆಂಬ ಕಟ್ಟಳೆಯನ್ನು ನೂನಿಜನು ಹೇಳುತ್ತಾನೆ. ಚಿತ್ರದ ವಜ್ರದ ಕಥೆಗೆ ಇಷ್ಟು ಆಧಾರವುಂಟು.

ಆದರೆ 1526ರ ಅರಮನೆಯಲ್ಲಿ ನಗೆಯಿತ್ತೆ? 1524ರಲ್ಲಿ ಅರಸನು ಆರು ವರ್ಷದ ಮಗನಾದ ತಿರುಮಲನಿಗೆ ತಾನಿರುವಾಗಲೇ ಪಟ್ಟ ಕಟ್ಟಿದನು. ಆ ವರ್ಷದ ಶಾಸನಗಳಲ್ಲಿ ಆ ಮಗುವಿನ ಹೆಸರು ಕಂಡುಬರುತ್ತದೆ. ಉತ್ಸವಗಳು ಎಂಟು ತಿಂಗಳು ನಡೆದವೆಂದೂ, ಅಷ್ಟರಲ್ಲಿಯೇ ಮಗುವು ಕಾಯಿಲೆಯಿಂದ ತೀರಿಕೊಂಡಿತೆಂದೂ ನೂನಿಜನು ಬರೆದಿದ್ದಾನೆ. ವಿಷಪ್ರಯೋಗದ ಸಂಶಯವು ಸಾಳುವ ತಿಮ್ಮರಸನ ಮೇಲೆ ಬಂದಿತು. ಯಾವನನ್ನು ಅರಸನು ತಂದೆಯ ಸಮಾನನೆಂದು ನಡೆಸಿಕೊಂಡನೋ, ಯಾವನ ಬುದ್ಧಿಬಲದಿಂದ ಉದಯಗಿರಿ ಕೊಂಡವೀಡುಗಳು ಕೈಸೇರಿದವೋ, ಆ ವೃದ್ಧ ಮಂತ್ರಿಯನ್ನೂ ಅವನ ಮಕ್ಕಳನ್ನೂ ಸೆರೆಯಲ್ಲಿಟ್ಟು, ಅವರ ಕಣ್ಣುಗಳನ್ನು ಕೀಳಿಸಲಾಯಿತು. ನೂನಿಜನ ಮಾತನ್ನು ನಂಬಿದರೆ, ಕಾಲಯಂತ್ರವು ಬಂದಿಳಿಯುವ ಆ ಕಾಲವು ಮಗನನ್ನು ಕಳೆದುಕೊಂಡು, ತಂದೆಯಂತಿದ್ದವನನ್ನು ಕೈಯಾರೆ ಕುರುಡನನ್ನಾಗಿ ಮಾಡಿದ ಅರಸನ ಕಾಲ. ಇಡಿಯ ಆಳಿಕೆಯಲ್ಲಿ ಅದಕ್ಕಿಂತ ಕತ್ತಲಾದ ಕಾಲವು ಬೇರೊಂದಿಲ್ಲ.

ಇದನ್ನು ಚಿತ್ರಕಾರರ ತಪ್ಪೆಂದು ಎಣಿಸಬೇಕೆ? 1520ಕ್ಕೆ ಯಂತ್ರವನ್ನು ಇಳಿಸಿದ್ದರೆ ರಾಯಚೂರಿನ ಗೆಲವಿನ ಸಂಭ್ರಮವೂ ಪಾಯೆಸನು ಕಂಡ ಮಹಾನವಮಿಯೂ ಸಿಗುತ್ತಿದ್ದವು. ಆದರೆ ವಿನೋದಚಿತ್ರಕ್ಕೆ ಪಂಚಾಂಗದ ನಿಷ್ಠೆಯನ್ನು ವಿಧಿಸುವದು ನ್ಯಾಯವಲ್ಲ. ಜನರ ನೆನಪಿನಲ್ಲಿ ಕೃಷ್ಣದೇವರಾಯನು ಯಾವಾಗಲೂ ಬೆಳಕಿನಲ್ಲಿಯೇ ಕುಳಿತಿರುತ್ತಾನೆ. ತೆನಾಲಿಯವನು ಯಾವಾಗಲೂ ಅವನ ಎಡಕ್ಕೆ ನಿಂತಿರುತ್ತಾನೆ. ಚಿತ್ರಪಟವು ಹೋದದ್ದು ಆ ನೆನಪಿನ ಆಸ್ಥಾನಕ್ಕೆ, ನೂನಿಜನ ಆಸ್ಥಾನಕ್ಕಲ್ಲ. ಪ್ರೇಕ್ಷಕನಿಗಾದರೋ ಇನ್ನೊಂದು ಸಂಗತಿಯು ಗೊತ್ತೇ ಇರುತ್ತದೆ. ಇನ್ನು ಮೂವತ್ತೊಂಬತ್ತು ವರ್ಷಕ್ಕೆ, 1565ರಲ್ಲಿ, ರಕ್ಕಸತಂಗಡಿಯ ಕಾಳಗವಾಗಿ ಈ ಊರು ಹಾಳಾಗಲಿದೆ. ತೆರೆಯ ಮೇಲಿನ ಯಾರಿಗೂ ತಿಳಿಯದ ಆ ಮಾತು ನೋಡುವವರ ನಗೆಯ ಕೆಳಗೆ ತಣ್ಣಗೆ ಹರಿಯುತ್ತಿರುತ್ತದೆ. ಹಂಪೆಯ ಕಲ್ಲುಗಳನ್ನು ಕಂಡುಬಂದ ಕನ್ನಡ ಹುಡುಗನಿಗೆ ಅದು ಹೆಚ್ಚು ತಟ್ಟೀತು.

ಕನ್ನಡ ಹುಡುಗನ ಮಾತು ಬಂದಿತೆಂದಮೇಲೆ ಕಹಿಯಾದರೂ ಒಂದು ವಿಷಯವನ್ನು ಹೇಳಲೇಬೇಕು. ಕನ್ನಡ ರಾಜ್ಯ ರಮಾರಮಣನೆಂಬ ಬಿರುದು ಈ ಅರಸನದು. ಅವನು 'ಆಮುಕ್ತಮಾಲ್ಯದ'ವನ್ನು ತೆಲುಗಿನಲ್ಲಿ ಬರೆದನೆಂಬದು ಎಷ್ಟು ನಿಜವೋ, ಪಟ್ಟಾಭಿಷೇಕದ ಸಂದರ್ಭದಲ್ಲಿ ವಿರೂಪಾಕ್ಷನಿಗೆ ರಂಗಮಂಟಪವನ್ನು ಕಟ್ಟಿಸಿದ ಹಂಪೆಯ ಶಾಸನದಲ್ಲಿ ಕನ್ನಡವಿದೆಯೆಂಬದೂ, ಕುಮಾರವ್ಯಾಸನು ಬಿಟ್ಟ ಭಾರತವನ್ನು ಅವನ ಆಶ್ರಯದಲ್ಲಿ ತಿಮ್ಮಣ್ಣಕವಿಯು ಪೂರ್ಣಗೊಳಿಸಿದನೆಂಬದೂ ಅಷ್ಟೇ ನಿಜ. ತೆಲುಗಿನವರು ತಮ್ಮ ಅರಸನೆಂದು ಅವನನ್ನು ಪ್ರೀತಿಸಿ, ಅವನ ಆಸ್ಥಾನವನ್ನು ತರುಣರ ನಗೆಯ ಚಿತ್ರಕ್ಕೂ ಎಳೆದುತಂದರು. ಕನ್ನಡಿಗರು 1970ರಲ್ಲಿ ಬಿ. ಆರ್. ಪಂತುಲು ಅವರ 'ಶ್ರೀ ಕೃಷ್ಣದೇವರಾಯ'ದಲ್ಲಿ ರಾಜಕುಮಾರರನ್ನು ಸಿಂಹಾಸನದ ಮೇಲೆ ಕೂರಿಸಿ ಕೈಮುಗಿದರು, 1982ರಲ್ಲಿ ಬಿ. ಎಸ್. ರಂಗಾ ಅವರ 'ಹಾಸ್ಯರತ್ನ ರಾಮಕೃಷ್ಣ'ದಲ್ಲಿ ಅನಂತನಾಗರ ತೆನಾಲಿಯನ್ನು ಕಂಡು ನಕ್ಕರು. ಈ ಕಾಲದ ಹುಡುಗನೊಬ್ಬನನ್ನು ಆ ಆಸ್ಥಾನದ ನಡುವೆ ನಿಲ್ಲಿಸಿ ಇಬ್ಬರನ್ನೂ ಮಾತನಾಡಿಸುವ ಸಲಿಗೆಯು ತೆಲುಗಿನಲ್ಲಿ ಮೊದಲು ಮೂಡಿತು. ಗೌರವವು ಹೆಚ್ಚಾದಲ್ಲಿ ಸಲಿಗೆಯು ಕಡಿಮೆಯಾಗುವದುಂಟು.

ಅದರ ಮೇಲೆ, ಆ ಚಿತ್ರವು ಬಂದ ಕಾಲಕ್ಕೆ ಪರಭಾಷೆಯ ಚಿತ್ರಗಳಿಗೆ ಕನ್ನಡದ ಮಾತು ಕೂಡಿಸುವ ಪದ್ಧತಿಯೇ ನಡೆಯುತ್ತಿರಲಿಲ್ಲ. 1960ರ ದಶಕದ ಕನ್ನಡ ಚಳವಳಿಯ ಫಲವಾಗಿ ಅದು ನಿಂತುಹೋಗಿತ್ತು. ಕನ್ನಡದ ನಟರೂ ಕುಶಲಕರ್ಮಿಗಳೂ ಬದುಕಬೇಕಾದರೆ ಆ ಕಟ್ಟುಪಾಡು ಅಂದು ಅವಶ್ಯವಾಗಿತ್ತೆಂಬದನ್ನು ಅಲ್ಲಗಳೆಯಲಾಗದು. ಅದಿಲ್ಲದಿದ್ದರೆ ಎಷ್ಟೋ ಒಳ್ಳೆಯ ಕನ್ನಡ ಚಿತ್ರಗಳು ಹುಟ್ಟುತ್ತಲೇ ಇರಲಿಲ್ಲ. ಅಂಥ ತಡೆಯು ಕಾಯಿದೆಗೆ ಒಪ್ಪದೆಂದು ಭಾರತದ ಸ್ಪರ್ಧಾ ಆಯೋಗವು ಹೇಳಿದ್ದ 2015ರಲ್ಲಿ. ಹೀಗೆ 'ಆದಿತ್ಯ 369' ತಮಿಳಿನಲ್ಲಿ 'ಅಪೂರ್ವಶಕ್ತಿ 369' ಆಯಿತು, ಹಿಂದಿಯಲ್ಲಿ 'ಮಿಶನ್ 369' ಆಯಿತು. ಆಗ ಕನ್ನಡದಲ್ಲಿ ಮಾತ್ರ ಏನೂ ಆಗಲಿಲ್ಲ. ಕಟ್ಟುಪಾಡಿನ ಲಾಭವನ್ನು ಲೆಕ್ಕಹಾಕುವವರು ಈ ನಷ್ಟವನ್ನೂ ಅದರ ಕೆಳಗೆ ಬರೆದುಕೊಳ್ಳಬೇಕು. ಮೂವತ್ತನಾಲ್ಕು ವರ್ಷಗಳಾದ ಮೇಲೆ, 2025ರ ಏಪ್ರಿಲ್ 4ರಂದು, ಹೊಸದಾಗಿ ಸಂಸ್ಕರಿಸಿದ ಪ್ರತಿಯು ತೆಲುಗಿನಲ್ಲಿ ಮರಳಿ ತೆರೆಕಂಡಿತು.

ಬಳ್ಳಾರಿ ರಾಯಚೂರು ಸೀಮೆಯವರಿಗೆ ತೆಲುಗು ಕಿವಿಗೆ ರೂಢವಾದ ಭಾಷೆ. ಹುಕ್ಕೇರಿ ತಾಲೂಕಿನ ಕಣಗಲಾದಂಥ ಊರಿನ ಸ್ಥಿತಿಯು ಬೇರೆ. ಪುಣೆ-ಬೆಂಗಳೂರು ಹೆದ್ದಾರಿಯ ಮಗ್ಗುಲಲ್ಲಿ, ನಿಪ್ಪಾಣಿ ಸಂಕೇಶ್ವರಗಳ ನಡುವೆ ಇರುವ ಈ ಭಾಗಕ್ಕೆ ಒಂದು ಕಡೆಯಿಂದ ಕೊಲ್ಲಾಪುರದ ಮರಾಠಿ, ಇನ್ನೊಂದು ಕಡೆಯಿಂದ ಬೆಳಗಾವಿಯ ಕನ್ನಡ, ಎರಡರ ಮೇಲೂ ಹಿಂದಿ. ತೆಲುಗು ಇಲ್ಲಿಗೆ ದೂರದ ನೆಂಟ. ಅಷ್ಟೇ ಅಲ್ಲ, ಆ ಯಂತ್ರವು 1526ರಲ್ಲಿ ತಪ್ಪಿ ಇಲ್ಲಿಯೇ ಇಳಿದಿದ್ದರೂ ತರುಣನಿಗೆ ವಿಜಯನಗರವು ಕಾಣುತ್ತಿರಲಿಲ್ಲ. ಈ ಸೀಮೆಯು ಆಗ ವಿಜಾಪುರದ ಆದಿಲಶಾಹಿಗೆ ಸೇರಿತ್ತು; ಬೆಳಗಾವಿಯ ಕೋಟೆಯು ಅಸದಖಾನ ಲಾರಿ ಎಂಬ ಸರದಾರನ ಕೈಯಲ್ಲಿತ್ತು. ರಾಯಚೂರಿನ ಸೋಲಿನ ತರುವಾಯ ಸಂಧಾನಕ್ಕೆ ಬಂದು ಕೃಷ್ಣದೇವರಾಯನನ್ನು ಮಾತಿನಲ್ಲಿಯೇ ಸುತ್ತಿಸಿದ ಚತುರನೆಂದು ನೂನಿಜನು ಚಿತ್ರಿಸಿದ್ದು ಇವನನ್ನೇ.

ಕೃಷ್ಣದೇವರಾಯನಿಗೆ ಇತ್ತ ಬರುವ ಮನಸ್ಸು ಇರಲಿಲ್ಲವೆಂದಲ್ಲ. ಕೊನೆಗಾಲದಲ್ಲಿ ಅವನು ಬೆಳಗಾವಿಯನ್ನು ಮುತ್ತುವದಕ್ಕೆಂದು ದಂಡನ್ನು ಸಜ್ಜುಗೊಳಿಸುತ್ತಿದ್ದನೆಂದೂ, ಆ ಸಿದ್ಧತೆಯ ನಡುವೆಯೇ ಕಾಯಿಲೆ ಬಿದ್ದು ತೀರಿಕೊಂಡನೆಂದೂ ನೂನಿಜನು ತಿಳಿಸುತ್ತಾನೆ. 1529ರಲ್ಲಿ ಆ ದಂಡಯಾತ್ರೆಯು ನಿಂತುಹೋಯಿತು. ಬೆಳಗಾವಿಯ ಉತ್ತರದ ಈ ಹಳ್ಳಿಗಳಿಗೆ ಅವನು ಬರಬಹುದಾಗಿದ್ದ ದಾರಿಯು ಚಿತ್ರಪಟದ ದಾರಿಯೊಂದೇ ಆಗಿ ಉಳಿಯಿತು. ಹಿಂದಿಯ ಪ್ರತಿಯಲ್ಲಿ ಅವನು ಬಂದಾಗಲೂ ಕನ್ನಡವನ್ನು ಆಡಲಿಲ್ಲ.